ಮಂಚಮ್ಮನ ಹಲಗೆ

ತೀರಿಹೋದವರ ಹೆಸರಿನ ಹಲಗೆಯಲ್ಲಿ ಬದುಕಿರುವವರ ಹೆಸರು ಬರಕೂಡದು. ಇದು ಕಾಡಿನ ನಿಯಮ. ಹಾವು ಕಚ್ಚಿದವರಿಗೆಲ್ಲ ಜೀವಮಾನವಿಡೀ ಬೇರು ಅರೆದು ಕೊಟ್ಟು ತೀರಿಹೋದ ಮುಂಗುಸಿ ಮಂಚಮ್ಮನ ಹೆಸರನ್ನು ಕಾಡಿನ ಹೊಸ ಆಸ್ಪತ್ರೆಗೆ ಇಡುವ ದಿನ ದೊಡ್ಡವರೆಲ್ಲ ಈ ನಿಯಮವನ್ನು ಗಾಳಿಗೆ ತೂರಿದರು.

ಹಲಗೆ ಕೆತ್ತುವ ಕೆಲಸ ಮರಕುಟಿಗನದು. ಅವನ ಮಗಳಿಗೆ ಹಾವು ಕಚ್ಚಿದಾಗ ಮಂಚಮ್ಮ ಕುಂಟುಕಾಲಲ್ಲೇ ಮರ ಹತ್ತಿ ಬಂದು ಉಳಿಸಿದ್ದಳು.

"ಉದ್ಘಾಟಕರು ಅಂತ ನನ್ನ ಹೆಸರು ಎಲ್ಲಕ್ಕಿಂತ ಮೇಲೆ ಬರಲಿ," ಎಂದ ಆನೆರಾಯ.

"ಅಧ್ಯಕ್ಷತೆ ನನ್ನದು. ಅಕ್ಷರ ಸಣ್ಣದಾಯಿತೋ, ನಾನು ವೇದಿಕೆ ಹತ್ತೋದಿಲ್ಲ," ಎಂದ ನವಿಲಯ್ಯ.

"ಸ್ವಾಗತ ನನ್ನದಪ್ಪ, ಮರೀಬೇಡ," ಎಂದ ನರಿಯಣ್ಣ.

"ಮಂಚಮ್ಮನ ಹೆಸರು ಎಲ್ಲಿ ಹಾಕಲಿ, ಸ್ವಾಮಿ?" ಎಂದು ಮರಕುಟಿಗ ಕೇಳಿದ.

"ಕೆಳಗೆ ಮೂಲೆಯಲ್ಲಿ ಜಾಗ ಉಳಿದರೆ ಹಾಕು. ಪಕ್ಕದಲ್ಲಿ ನಿನ್ನ ಹೆಸರನ್ನೂ ಕೆತ್ತಿಕೋ, ಯಾರು ಬೇಡ ಅಂತಾರೆ? ನಾವು ಹೇಳಿದ ಹಾಗೆ ಕೆತ್ತದಿದ್ದರೆ ಈ ಕಾಡಿನಲ್ಲಿ ನಿನಗೆ ಇದೇ ಕೊನೆಯ ಕೆಲಸ," ಎಂದ ನರಿಯಣ್ಣ.

ಮರಕುಟಿಗ ತಲೆಯೆತ್ತಿ ನೋಡಿದ. ಮಗಳು ಕೊಂಬೆಯಿಂದ ಕೊಂಬೆಗೆ ಹಾರಾಡುತ್ತಿದ್ದಳು.

ಅವನು ಹಲಗೆಯ ಈ ತುದಿಯಿಂದ ಆ ತುದಿಯವರೆಗೆ, ಇನ್ನೊಂದು ಅಕ್ಷರಕ್ಕೂ ಎಡೆಯಿಲ್ಲದಷ್ಟು ದೊಡ್ಡದಾಗಿ, ಮಂಚಮ್ಮನ ಹೆಸರೊಂದನ್ನೇ ಕೆತ್ತಿದ.