ಹಳೆಯ ಕ್ಲಚ್ಚು ಮತ್ತು ಯಜಮಾನಿಯ ಮೊಣಕಾಲು

ಒಂದು ಕೆಂಪು ಸ್ಪೋರ್ಟ್ಸ್ ಕಾರಿನ ಎಂಜಿನ್ನಿಗೆ ಜೋರು ಹೆಚ್ಚಿಸಲು ಹೊಸದಾಗಿ ಟರ್ಬೊ ಕೂಡಿಸಿದರು. ಅಂದಿನಿಂದ ಘಾಟಿಯ ಏರಿನಲ್ಲಿ ಅದರ ಹಳೆಯ ಕ್ಲಚ್ಚು ಜಾರತೊಡಗಿತು. ಗ್ಯಾರೇಜಿನಲ್ಲಿ ಅದನ್ನು ಬಿಚ್ಚಿ, ರೇಸಿಗೆಂದೇ ಮಾಡಿದ ಹೊಸ ಕ್ಲಚ್ಚಿನ ಪಕ್ಕದಲ್ಲಿಟ್ಟರು.

“ಅಜ್ಜ, ಇನ್ನು ಗುಜರಿಗೆ ಹೊರಡು,” ಎಂದಿತು ಹೊಸ ಕ್ಲಚ್ಚು. “ಎಂಜಿನ್ ಎಷ್ಟೇ ಎಳೆಯಲಿ, ನನ್ನ ಹಿಡಿತ ಸಡಿಲವಾಗದು.”

“ಹೊರಡುತ್ತೇನಪ್ಪಾ. ಒಂದು ಮಾತು ಹೇಳು, ಪೆಡಲು ಒತ್ತುವ ಕಾಲಿಗೆ ನೀನು ಎಷ್ಟು ಭಾರ?”

“ಅದು ಕಾಲಿನ ಚಿಂತೆ, ನನ್ನದಲ್ಲ.”

ಶಸ್ತ್ರಚಿಕಿತ್ಸೆಯಾದ ಮೇಲೆ ಯಜಮಾನಿ ಮಂದಾಕಿನಿಯ ಎಡ ಮೊಣಕಾಲು ನಡುಗುತ್ತಿತ್ತು. ಆ ನಡುಕ ಪೆಡಲಿನಿಂದ ಇಳಿದು ದಿನವೂ ತನ್ನವರೆಗೆ ಬರುತ್ತಿದ್ದುದು ಹಳೆಯ ಕ್ಲಚ್ಚಿಗೆ ಮಾತ್ರ ಗೊತ್ತಿತ್ತು.

ಮೆಕ್ಯಾನಿಕ್ ಅವಳನ್ನು ಅಂಥದೇ ಹೊಸ ಕ್ಲಚ್ಚಿದ್ದ ಬೇರೊಂದು ಕಾರಿನಲ್ಲಿ ಕೂರಿಸಿ, “ಒಮ್ಮೆ ಒತ್ತಿ ನೋಡಿ ಮೇಡಂ,” ಎಂದ. ಪೆಡಲು ಅರ್ಧಕ್ಕೇ ನಿಂತಿತು. ಅವಳು ಮೊಣಕಾಲು ಹಿಡಿದುಕೊಂಡಳು.

“ಹಳೆಯದಕ್ಕೇ ಹೊಸ ಲೈನಿಂಗ್ ಹಾಕಿಬಿಡಪ್ಪ. ಎಂಜಿನ್ನಿನ ಜೋರು ಸ್ವಲ್ಪ ಇಳಿಸು,” ಎಂದಳು. “ಈ ಕಾಲನ್ನಂತೂ ನಿನ್ನ ಹತ್ತಿರ ಬಿಚ್ಚಿಸೋಕಾಗಲ್ಲ.”

ಜೋರು ಇಳಿದದ್ದಕ್ಕೆ ಎಂಜಿನ್ನಿಗೆ ಮುನಿಸು ಬಂತು. ಮೊದಲ ಏರಿನಲ್ಲೇ ಅದು ಗೊಣಗಿತು: “ಅಜ್ಜ, ನಿನ್ನಿಂದಾಗಿ ನಾನು ತೆವಳಬೇಕಾಯಿತು. ಹಿಡಿಯುವಾಗ ಅದೇಕೆ ಹಾಗೆ ನಡುಗುತ್ತೀ?”

“ನಡುಕ ನನ್ನದಲ್ಲ ಮಗು, ಅವಳ ಮೊಣಕಾಲಿನದು.”

ಈಗ ಏರು ಬಂದಾಗಲೆಲ್ಲ ಎಂಜಿನ್ ದನಿ ತಗ್ಗಿಸಿ, “ಅಜ್ಜ, ಅವಳು ಪೆಡಲಿನಿಂದ ಕಾಲು ತೆಗೆದಳೇ?” ಎಂದು ಕೇಳಿ, ಆಮೇಲೆ ಎಳೆಯುತ್ತದೆ.