ಬದಲಿಗೆ ಬಂದ ಅಕ್ಷರ

ಮರುದಿನ ಮಠದ ಹಿರಿಯ ಗುರುಗಳ ಆರಾಧನೆ. ಅವರ ಮಾತುಗಳ ಪುಸ್ತಕ ಅಚ್ಚಾಗಿ ಬಂದು ಗದ್ದುಗೆ ಏರಬೇಕಿತ್ತು.

ಕಂಪ್ಯೂಟರಿನಲ್ಲಿ ಪುಟ ಜೋಡಿಸಿದವನು ಶಿಷ್ಯ ರೇವಣ. ಪ್ರೆಸ್ಸಿನಿಂದ ಬಂದ ಕರಡು ನೋಡಿ ಅವನಿಗೆ ಮೈ ಉರಿಯಿತು. ಒತ್ತಕ್ಷರಗಳೆಲ್ಲ ಜಗಳವಾಡಿದವರ ಹಾಗೆ ದೂರ ಸರಿದು ನಿಂತಿದ್ದವು. ಕೆಲವು ಕಡೆ ಅಕ್ಷರವೇ ಇಲ್ಲ, ಬರೀ ಚೌಕ.

"ಈ ಕಂಪ್ಯೂಟರನ್ನ ಹೊಳೆಗೆ ಹಾಕ್ತೀನಿ ತಾಯಿ!"

ಗುರು ದೇವಮ್ಮ ತಾಯಿ ಸೊಪ್ಪು ಬಿಡಿಸುತ್ತಿದ್ದರು. "ಹಾಕು. ಮೀನುಗಳಾದರೂ ಓದಿಕೊಳ್ಳಲಿ. ಏನಾಯ್ತು?"

"ನಾವು ಹಾಕಿದ ಫಾಂಟೇ ಬೇರೆ, ಇದು ತಂದು ಕೂರಿಸಿದ್ದೇ ಬೇರೆ. ಆಫ್ ಮಾಡಿದೆ, ಆನ್ ಮಾಡಿದೆ, ಕೈಯೂ ಮುಗಿದೆ. ಜಗ್ಗಲ್ಲ."

"ಹೇಳದೆ ಕೇಳದೆ ಬದಲಿಸಿತೇ?"

ರೇವಣ ತಡವರಿಸಿದ. "ಕೇಳ್ತಿತ್ತು. ಫೈಲು ತೆರೆದಾಗಲೆಲ್ಲ 'ಆ ಫಾಂಟು ನನ್ನಲ್ಲಿಲ್ಲ, ಬೇರೆ ಹಾಕಲೇ' ಅಂತ. ಒಂದೇ ಕಿರಿಕಿರಿ. 'ಇನ್ನು ಕೇಳಬೇಡ' ಅಂತ ಒತ್ತಿಬಿಟ್ಟೆ. ಮುಖಪುಟ ಸರಿಯಾಗೇ ಕಂಡಿತು. ಒಳಗೆ ನೋಡಲಿಲ್ಲ."

ತಾಯಿ ಸೊಪ್ಪಿನ ಬುಟ್ಟಿ ಬದಿಗಿಟ್ಟು ಊಟಕ್ಕೆ ಎಲೆ ಹಾಕಿದರು.

ಊಟಕ್ಕೆ ಕೂತರೂ ಅವನ ಕಣ್ಣು ಕರಡಿನ ಮೇಲೆಯೇ.

"ಮಜ್ಜಿಗೆ..." ಎಂದು ತಾಯಿ ಬಾಯಿ ತೆರೆದರು.

"ಹಾಕಿ ತಾಯಿ, ಏನೂ ಕೇಳಬೇಡಿ."

ತಾಯಿ ಲೋಟ ತುಂಬಿಸಿದರು. ಅವನು ಒಂದು ಗುಟುಕು ಎಳೆದು ಹೊರಗೋಡಿ ಉಗಿದ.

"ಇದು ಅಕ್ಕಿ ತೊಳೆದ ನೀರು!"

"ಬೆಳ್ಳಗಿತ್ತಲ್ಲ."

"ಮಜ್ಜಿಗೆ ಮುಗಿದಿದೆ ಅನ್ನಬಾರದಿತ್ತೇ?"

"ಅನ್ನೋಕೇ ಹೊರಟಿದ್ದೆ."

ಅಷ್ಟರಲ್ಲಿ ಪ್ರೆಸ್ಸಿನವನ ಫೋನು. ಈಗಲೇ ಮಷೀನು ಶುರುವಾಗದಿದ್ದರೆ ನಾಳೆಗೆ ಪುಸ್ತಕವಿಲ್ಲ. ಬೇಕಾದ ಫಾಂಟು, ಕೆಲಸ ಶುರು ಮಾಡಿದ್ದ ಹಳೆಯ ಕಂಪ್ಯೂಟರಿನೊಳಗಿತ್ತು; ಅದು ಕೆಟ್ಟು ಕೂತಿತ್ತು. ರಿಪೇರಿಯವನು ಬರುವುದು ಸೋಮವಾರ.

ರೇವಣ ಫೋನಿಗೆ ಅಂಗೈ ಅಡ್ಡ ಹಿಡಿದ. "ಹೀಗೇ ಅಚ್ಚಾಗಿಬಿಡಲಿ ತಾಯಿ. ಓದೋರು ಯಾರು? ಹೂ ಏರಿಸಿ ಕೈ ಮುಗೀತಾರೆ ಅಷ್ಟೆ."

"ಮತ್ತೆ ನೀನು ಉಗಿದಿದ್ಯಾಕೆ?"

ಅವನು ಫೋನಿನಿಂದ ಅಂಗೈ ತೆಗೆದ. ಆಮೇಲೆ ಫೋನಿನಲ್ಲಿ, "ನಿಲ್ಲಿಸಿ" ಎಂದ.

ತಾಯಿ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳನಡೆದರು. ರೇವಣ ಹಿಂದೆಯೇ ಓಡಿದ.

"ಅಷ್ಟು ಜನ ಬರ್ತಾರೆ, ಗದ್ದುಗೆ ಮೇಲೆ ಏನಿಡೋದು? ಅಟ್ಟದಲ್ಲಿ ಹಳೇ ಪುರಾಣ ಒಂದಿದೆ. ರೇಷ್ಮೆ ಬಟ್ಟೆ ಸುತ್ತಿಟ್ಟರೆ ಯಾರಿಗೂ..."

ತಾಯಿ ಹಣೆ ಚಚ್ಚಿಕೊಂಡರು.

"ಜಾಗ ಖಾಲಿ ಬಿಡು ಮಾರಾಯ. ಕೇಳಿದವರಿಗೆ, ಇಲ್ಲ ಅನ್ನು."