ಉತ್ತರ ಬಾರದ ಮೂರು ದಿನ

"ಟೀಚರ್, ಪ್ರೀತಿಯಿಂದ ಮಾತಾಡುವುದಕ್ಕೂ ಶಾಲೆಯ ಅನುಮತಿ ಬೇಕೇ?"

ಲವೀನಾ ಈ ಪ್ರಶ್ನೆ ಕೇಳಿದ್ದು ನನ್ನ ಮನೆಯಲ್ಲಿ, ನನ್ನೆದುರು ಕೂತು. ಅವಳು ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿನಿ. ಈಗ ಅದೇ ಶಾಲೆಯಲ್ಲಿ ಶಿಕ್ಷಕಿ. ಎಂಟನೆಯ ತರಗತಿಯ ಹುಡುಗಿಯೊಬ್ಬಳೊಡನೆ ಅವಳು ವಾಟ್ಸಾಪಿನಲ್ಲಿ ದಿನವೂ ಮಾತಾಡುತ್ತಿದ್ದುದು ಮುಖ್ಯೋಪಾಧ್ಯಾಯಿನಿಗೆ ತಿಳಿದಿತ್ತು. ನಿಲ್ಲಿಸಬೇಕೆಂದು ಲಿಖಿತ ಆದೇಶ ಬಂದಿತ್ತು. ಮಾತುಗಳಲ್ಲಿ ಕೆಟ್ಟದ್ದೇನೂ ಇಲ್ಲ, ತಾನು ಆ ಹುಡುಗಿಗೆ ಅಕ್ಕನಂತೆ ಎಂದು ಲವೀನಾ ಹೇಳಿದಳು. ಆದೇಶ ತಪ್ಪೆಂದು ನನ್ನಿಂದ ಹೇಳಿಸಿಕೊಳ್ಳಲು ಬಂದಿದ್ದಳು.

ನಮ್ಮ ಮನೆತನದಲ್ಲಿ ಮೂರು ತಲೆಮಾರಿನಿಂದ ಪಾಠ ಹೇಳುವುದೇ ಕೆಲಸ. ಅಜ್ಜ ಶಾಲೆಗಳ ಇನ್‌ಸ್ಪೆಕ್ಟರಾಗಿದ್ದರು. ತಾಯಿ ಕಾನ್ವೆಂಟಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕಲಿಸಿದರು. ನಾನು ಅಲ್ಲಿಯೇ ಓದಿ, ಅಲ್ಲಿಯೇ ಕಲಿಸಿ, ಒಂದು ದೂರಿನ ಪತ್ರವೂ ಬಾರದೆ ನಿವೃತ್ತಳಾದೆ. ಸಲಹೆಗೆ ಬಂದವರಿಗೆ ಪ್ರಿಯವಾದುದನ್ನು ಹೇಳಿ ಕಳಿಸುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ.

ಬೆನ್ನು ನೇರ ಮಾಡಿ ಕೂರು, ಫೋನು ಚೀಲದೊಳಗಿರಲಿ ಎಂದೆ. ಆಮೇಲೆ ಈ ಕತೆ ಹೇಳಿದೆ.

ಒಬ್ಬ ಶಿಕ್ಷಕಿ ಇದ್ದಳು. ತನ್ನವರಿಂದ ದೂರ, ಬಾಡಿಗೆಯ ಕೋಣೆಯಲ್ಲಿ ಒಬ್ಬಳೇ ಇದ್ದಳು. ಪ್ರಬಂಧದ ಪುಸ್ತಕ ತಿದ್ದುವಾಗ ಪ್ರತಿಯೊಬ್ಬ ಹುಡುಗಿಗೂ ಕೊನೆಯಲ್ಲಿ ಕೆಂಪು ಶಾಯಿಯಿಂದ ಒಂದು ಸಾಲು ಬರೆಯುವುದು ಅವಳ ಪದ್ಧತಿ. ತರಗತಿಯಲ್ಲಿ ನಲವತ್ತೆರಡು ಹುಡುಗಿಯರು; ನಲವತ್ತೆರಡು ಸಾಲು. ಪುಸ್ತಕ ಶುಕ್ರವಾರ ಕೈಗೆ ಬರುತ್ತಿತ್ತು. ಒಬ್ಬ ಹುಡುಗಿ ಸೋಮವಾರದಿಂದಲೇ ಶುಕ್ರವಾರಕ್ಕೆ ಕಾಯುತ್ತಿದ್ದಳು. ಅವಳ ತಾಯಿ ಕುವೈತಿನಲ್ಲಿ ನರ್ಸು. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದಳು.

ಒಂದು ದಿನ ಹುಡುಗಿ ತರಗತಿಯ ವಾಟ್ಸಾಪ್ ಗುಂಪಿನಿಂದ ಶಿಕ್ಷಕಿಯ ನಂಬರು ತೆಗೆದುಕೊಂಡು, ಪಾಠದ ಪ್ರಶ್ನೆಯೊಂದನ್ನು ಕಳಿಸಿದಳು. ಶಿಕ್ಷಕಿ ಉತ್ತರಿಸಿದಳು. ಮರುದಿನ ಪಾಠದ ಪ್ರಶ್ನೆ ಇರಲಿಲ್ಲ. ಊಟವಾಯಿತೇ ಎಂಬ ಪ್ರಶ್ನೆ ಇತ್ತು. ಅದಕ್ಕೂ ಉತ್ತರ ಹೋಯಿತು. ಆ ಶಿಕ್ಷಕಿಯನ್ನು ಊಟವಾಯಿತೇ ಎಂದು ಯಾರಾದರೂ ಕೇಳಿ ಬಹಳ ದಿನವಾಗಿತ್ತು.

ಹುಡುಗಿ ಇನ್ನು ಶುಕ್ರವಾರದವರೆಗೆ ಕಾಯಬೇಕಾಗಿರಲಿಲ್ಲ. ಕಾಯುವ ಸರದಿ ಶಿಕ್ಷಕಿಗೆ ಬಂತು. ಶಾಲೆ ಬಿಟ್ಟು ಕೋಣೆಗೆ ಬಂದರೆ ಅವಳು ಮೊದಲು ಫೋನು ನೋಡುತ್ತಿದ್ದಳು, ಆಮೇಲೆ ಚಪ್ಪಲಿ ಬಿಡುತ್ತಿದ್ದಳು.

ಒಂದು ವಾರದಲ್ಲಿ ಸತತ ಮೂರು ದಿನ ಹುಡುಗಿಯಿಂದ ಉತ್ತರ ಬರಲಿಲ್ಲ. ತಾನು ಕಳಿಸಿದ್ದನ್ನು ಹುಡುಗಿ ಓದಿದ್ದಾಳೆಂದು ಫೋನು ತೋರಿಸುತ್ತಿತ್ತು. ಆ ಶುಕ್ರವಾರ ನಲವತ್ತೊಂದು ಪುಸ್ತಕಗಳಲ್ಲಿ ಮಾತ್ರ ಕೆಂಪು ಸಾಲು ಇತ್ತು.

ಹುಡುಗಿ ಪುಸ್ತಕ ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ಪ್ರಬಂಧದಲ್ಲಿ ಏನು ತಪ್ಪಾಗಿದೆ ಎಂದು ಕೇಳಿದಳು. ತಪ್ಪೇನೂ ಇಲ್ಲ ಎಂದು ಶಿಕ್ಷಕಿ ತಲೆ ಎತ್ತದೆ ಹೇಳಿದಳು. ಹುಡುಗಿಗೆ ಅರ್ಥವಾಯಿತು.

"ಅಮ್ಮ ಬಂದಿದ್ದಾರೆ, ಟೀಚರ್. ಅದಕ್ಕೇ ಬರೆಯಲಿಲ್ಲ. ಸಾರಿ. ಇನ್ನು ಮೇಲೆ ಹೀಗೆ ಮಾಡುವುದಿಲ್ಲ."

ಹೇಳಿದಂತೆಯೇ ನಡೆದುಕೊಂಡಳು. ತಾಯಿಗೆ ಇನ್ನೂ ಹನ್ನೆರಡು ದಿನ ರಜೆ ಇತ್ತು. ಪ್ರತಿ ಸಂಜೆ ತಾಯಿ ಅಡುಗೆಮನೆಯಲ್ಲಿ ಮಗಳಿಗೆ ಇಷ್ಟವಾದುದನ್ನು ಕರಿಯುತ್ತ, ಆಸ್ಪತ್ರೆಯ ಸುದ್ದಿಗಳನ್ನು ಹೇಳುತ್ತಿದ್ದಳು. ಮಗಳು ಹೊರಗೆ ಜಗಲಿಯಲ್ಲಿ ಕೂತು, ಹೂಂ ಎನ್ನುತ್ತ, ಶಿಕ್ಷಕಿಗೆ ಬರೆಯುತ್ತಿದ್ದಳು. ಶಿಕ್ಷಕಿಗೆ ಸಂತೋಷವಾಯಿತು.

ರಜೆ ಮುಗಿಯಿತು. ತಾಯಿ ವಿಮಾನ ಹತ್ತಿದಳು. ಆಮೇಲೆ ಹುಡುಗಿ ಆ ದಿನಗಳನ್ನು ನೆನೆಯಲು ಕುಳಿತಾಗಲೆಲ್ಲ ತಾಯಿಯ ಧ್ವನಿ ಮಾತ್ರ ನೆನಪಾಗುತ್ತಿತ್ತು. ಮುಖವನ್ನು ಅವಳು ಆ ಬಾರಿ ಸರಿಯಾಗಿ ನೋಡಿರಲಿಲ್ಲ. ಮತ್ತೆ ನೋಡಲು ಎರಡು ವರ್ಷ ಬೇಕಿತ್ತು.

ಕತೆ ಇಷ್ಟೇ. ಹೇಳಿ ಮುಗಿಸಿ, ನಿನ್ನ ಹುಡುಗಿ ಎಂದಾದರೂ ಉತ್ತರಿಸದೆ ಇದ್ದಳೇ ಎಂದು ಲವೀನಾಳನ್ನು ಕೇಳಿದೆ. ಅವಳು ಸೆರಗಿನ ಅಂಚು ಸರಿಮಾಡುತ್ತ ಹೇಳಿದಳು. ಒಮ್ಮೆ ಹಾಗಾಗಿತ್ತಂತೆ. ಎರಡು ದಿನ ತಾನು ತರಗತಿಯಲ್ಲಿ ಅವಳ ಕಡೆ ನೋಡಲಿಲ್ಲವಂತೆ, ಅವಳು ಕೈ ಎತ್ತಿದರೂ ಕೇಳಲಿಲ್ಲವಂತೆ.

"ಆದರೆ ಅವಳೇ ಬಂದು ಸಾರಿ ಕೇಳಿದಳು, ಟೀಚರ್. ಅಲ್ಲಿಗೆ ಮುಗಿಯಿತು."

"ಮುಗಿದಿಲ್ಲ, ನಾಳೆ ಪ್ರಾರ್ಥನೆಯ ಗಂಟೆ ಬಾರಿಸುವ ಮೊದಲು ನೀನು ಹೋಗಿ ಆ ಮಗುವಿನ ಕ್ಷಮೆ ಕೇಳಬೇಕು."